ಕಂಡದ್ದನ್ನು ಹೇಳಲಿ ಮಕ್ಕಳು

ತರಗತಿಯಲ್ಲಿ ಎದ್ದು ನಿಂತು ಮೂರು ನಿಮಿಷ ಮಾತಾಡು ಎಂದರೆ ಹೆಚ್ಚಿನ ಮಕ್ಕಳು ಮಾಡುವುದು ಒಂದೇ. ಗೈಡಿನಿಂದಲೋ ಮೊಬೈಲಿನಿಂದಲೋ ಒಂದು ಪುಟ ಇಳಿಸಿಕೊಂಡು, ರಾತ್ರಿಯೆಲ್ಲ ಉರು ಹೊಡೆದು, ಮರುದಿನ ಸೂರು ನೋಡುತ್ತ ಒಂದೇ ಉಸಿರಿಗೆ ಒಪ್ಪಿಸಿ ಕೂತುಬಿಡುವುದು. ನಡುವೆ ಒಂದು ಪದ ಜಾರಿದರೆ ಮುಂದಿನದೆಲ್ಲ ಜಾರಿತು. ಮತ್ತೆ ಮೊದಲಿನಿಂದ ಶುರು. ಕೇಳುವವರಿಗೆ ಏನೂ ದಕ್ಕುವುದಿಲ್ಲ, ಹೇಳಿದ ಮಗುವಿಗೂ ತಾನು ಹೇಳಿದ್ದೇನೆಂದು ಸಂಜೆಗೆ ನೆನಪಿರುವುದಿಲ್ಲ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ವಿಷಯ ಕೊಟ್ಟದ್ದಾಯಿತು, ದಿನ ಗೊತ್ತುಮಾಡಿದ್ದಾಯಿತು. ನಡುವೆ ತಯಾರಿ ಹೇಗೆ ಮಾಡಿಕೊಳ್ಳಬೇಕೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಈ ಬರಹ ಆ ತಯಾರಿಯನ್ನು ಕುರಿತದ್ದು. ಇಂದಿನ ತೆಲಂಗಾಣದ ಉಟ್ಕೂರು, ಮಕ್ತಲ್, ನಾರಾಯಣಪೇಟೆ, ಗದ್ವಾಲ ಸುತ್ತಿನ ಕನ್ನಡ ಮಕ್ಕಳು, ಅವರ ಶಿಕ್ಷಕರು, ತಂದೆತಾಯಿ ಇವರನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿದ್ದೇನೆ. ಬೇರೆ ಊರಿನವರು ತಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಈ ಸೀಮೆಯ ಮಕ್ಕಳಿಗೆ ಮಾತಿನ ಬಡತನವಿಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲೂ ಬಸ್ಸಿನಲ್ಲೂ ತೆಲುಗು, ಓಣಿಯ ಗೆಳೆಯರೊಂದಿಗೆ ದಖನಿ, ನಾರಾಯಣಪೇಟೆಯ ಕೆಲವು ಮನೆಗಳಲ್ಲಿ ಮರಾಠಿ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಅದರ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಮಕ್ತಲ್ ಕಡೆಯ ಹಳ್ಳಿಗಳು ಅದಕ್ಕೂ ಮೊದಲೇ ಮಹಬೂಬನಗರ ಜಿಲ್ಲೆಯಲ್ಲಿದ್ದವು. 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಬೇರೆ ಜಿಲ್ಲೆಗಳಾದವು. ಗಡಿ ಎಷ್ಟು ಸಲ ಸರಿದರೂ ಅನೇಕ ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. ಕೃಷ್ಣಾ, ಮಾಗನೂರು, ಮಕ್ತಲ್ ಭಾಗದ ಕೆಲವು ಊರುಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಅನುಕೂಲ ಇರಬೇಕೆನ್ನುವ 350-ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ 1956ರಲ್ಲೇ. ಇತ್ತ ತೆಲಂಗಾಣದ 2018ರ ಕಾಯ್ದೆಯಂತೆ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ಹೀಗಾಗಿ ಒಂದೇ ಮಗು ಒಂದೇ ವಾರದಲ್ಲಿ ಕನ್ನಡ ಪಿರಿಯಡ್‌ನಲ್ಲಿ, ತೆಲುಗು ಪಿರಿಯಡ್‌ನಲ್ಲಿ, ಇಂಗ್ಲಿಷ್ ಪಿರಿಯಡ್‌ನಲ್ಲಿ ಎದ್ದು ನಿಲ್ಲಬೇಕಾಗಬಹುದು. ಎಲ್ಲಿಂದ ಶುರು ಮಾಡಬೇಕೆಂದು ಕೇಳಿದರೆ ನಾನು ಹೇಳುವುದು ಇಷ್ಟು: ಮಗು ತಾನು ಕಣ್ಣಾರೆ ಕಂಡದ್ದನ್ನು ಮೊದಲು ತನ್ನ ಮನೆಮಾತಿನಲ್ಲಿ ಹೇಳಲಿ. ಉಳಿದೆಲ್ಲ ಅಲ್ಲಿಂದ ಬೆಳೆಯುತ್ತದೆ.

ವಿಷಯ ಯಾವುದು

ಅರ್ಧ ಭಾಷಣ ಹಾಳಾಗುವುದು ವಿಷಯ ಕೊಡುವಾಗಲೇ. 'ಪರಿಸರ ಮಾಲಿನ್ಯ', 'ಸಮಯದ ಮಹತ್ವ', 'ಸ್ವಚ್ಛತೆ' ಎಂದು ಕೊಟ್ಟರೆ ಹನ್ನೆರಡು ವರ್ಷದ ಹುಡುಗನ ಬಳಿ ಹೇಳಲು ತನ್ನದೆಂಬುದು ಏನಿದೆ? ಅವನು ನಕಲು ಮಾಡಲೇಬೇಕು. ಅದೇ ವಿಷಯವನ್ನು ಊರಿಗೆ ಇಳಿಸಿ ನೋಡಿ. 'ನಮ್ಮೂರ ಕೆರೆಗೆ ಮಳೆಗಾಲದಲ್ಲಿ ಏನೇನು ಹರಿದು ಬರುತ್ತದೆ' ಎಂದು ಕೇಳಿ. ಅವನು ಕೆರೆಗೆ ಹೋಗುತ್ತಾನೆ, ನೋಡುತ್ತಾನೆ, ಅಲ್ಲಿ ಬಟ್ಟೆ ಒಗೆಯುವವರನ್ನು ಕೇಳುತ್ತಾನೆ.

ಈ ಭಾಗದಲ್ಲಿ ವಿಷಯಗಳಿಗೆ ಬರವಿಲ್ಲ. ಭೀಮಾ ನದಿ ಕೃಷ್ಣೆಗೆ ಸೇರುವ ಜಾಗ ತಂಗಿಡಿಯ ಬಳಿಯೇ ಇದೆ. ಕೃಷ್ಣಾ ಮಂಡಲದ ಮುಡುಮಾಲದಲ್ಲಿ ಆಳೆತ್ತರ ಮೀರಿದ ನಿಲುವುಗಲ್ಲುಗಳಿವೆ. ಬೃಹತ್ ಶಿಲಾಯುಗದ ಆ ಕಲ್ಲುಗಳು 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಅಲ್ಲಿಗೆ ಒಮ್ಮೆ ಹೋಗಿ ಬಂದ ಹುಡುಗಿ ಒಂದು ಕಲ್ಲಿನ ನೆರಳನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆದು ಬಂದು ಹೇಳಿದರೆ ಅದು ವಿಜ್ಞಾನದ ಭಾಷಣವೂ ಹೌದು, ಇತಿಹಾಸದ್ದೂ ಹೌದು. ಮಕ್ತಲ್ ಕಡೆಯ ಪಂಚದೇವ ಪಹಾಡ್ ದಂಡೆಯಿಂದ ಕುರುವಪುರಕ್ಕೆ ಹೊಳೆ ದಾಟುವ ಬಗೆ, ಜುರಾಲಾ ಅಣೆಕಟ್ಟಿನ ನೀರು ಬಂದ ಮೇಲೆ ಗದ್ದೆಯಾದ ಹೊಲ, ಹತ್ತಿ ಬಿಡಿಸುವ ದಿನಗಳು, ತೊಗರಿ ಒಕ್ಕುವ ಕಣ, ಮೊಹರಂ ಹೊತ್ತಿಗೆ ಅಲಾಯಿ ಕುಣಿಯ ಸುತ್ತ ಹಾಡುವ ಪದಗಳು, ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಏನು ಮಾರುತ್ತಾರೆ ಎಂಬುದು, ಹೀಗೆ ಒಂದೊಂದೂ ಮೂರು ನಿಮಿಷಕ್ಕೆ ಸಾಕಷ್ಟು ಸರಕು.

ವಿಷಯ ಸರಿಯಾಗಿದೆಯೇ ಎಂದು ನೋಡಲು ಮಗುವನ್ನೇ ಕೇಳಿ. ನೀನು ಅದನ್ನು ನೋಡಿದ್ದೀಯಾ? ಅದರದ್ದು ಏನಾದರೂ ಕೈಯಲ್ಲಿ ಹಿಡಿದು ತರಬಲ್ಲೆಯಾ? ನಿನ್ನ ತರಗತಿಯಲ್ಲಿ ಇದು ಗೊತ್ತಿಲ್ಲದವರು ಯಾರಾದರೂ ಇದ್ದಾರೆಯೇ? ಮೂರಕ್ಕೂ ಹೌದೆಂದರೆ ವಿಷಯ ಸಿಕ್ಕಿತು.

ಇಲ್ಲೊಂದು ಎಚ್ಚರಿಕೆ ಇದೆ. ಪಾಲಮೂರು (ಮಹಬೂಬನಗರ) ಸೀಮೆಯ ಎಷ್ಟೋ ಮನೆಗಳಿಂದ ತಂದೆತಾಯಿ ಪುಣೆ, ಮುಂಬೈ, ಹೈದರಾಬಾದು, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಗು ತಾನಾಗಿ ಅದನ್ನು ಹೇಳಲು ಬಯಸಿದರೆ ಹೇಳಲಿ, ಗೌರವದಿಂದ ಕೇಳೋಣ. 'ನಿಮ್ಮ ಮನೆಯ ಬಗ್ಗೆ ಹೇಳು' ಎಂದು ಒತ್ತಾಯಿಸಿ, ಮನೆಯ ಸಾಲ, ಕುಡಿತ, ಜಗಳಗಳನ್ನು ತರಗತಿಯ ಮುಂದೆ ಬಿಚ್ಚಿಸುವುದು ಮಾತ್ರ ಬೇಡವೇ ಬೇಡ.

ಒಂದು ಸೀರೆಯ ಭಾಷಣ

ಮನೆಯಲ್ಲಿ ಮಗ್ಗ ಇರುವ ಏಳನೇ ತರಗತಿಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ನಾರಾಯಣಪೇಟೆ ಸೀರೆಯ ಬಗ್ಗೆ ಮಾತಾಡುತ್ತೇನೆ ಎನ್ನುತ್ತಾಳೆ. ಮೊದಲ ಸಲ ಬರೆದು ತರುವುದು ಬಹುಶಃ ಹೀಗಿರುತ್ತದೆ: 'ನಾರಾಯಣಪೇಟೆ ಸೀರೆಗಳು ಜಗದ್ವಿಖ್ಯಾತವಾಗಿವೆ. ಇವು ನಮ್ಮ ಸಂಸ್ಕೃತಿಯ ಪ್ರತೀಕವಾಗಿವೆ. 1630ರಲ್ಲಿ ಛತ್ರಪತಿ ಶಿವಾಜಿ ಮಹಾರಾಜರು ಇಲ್ಲಿ ಬಿಡಾರ ಹೂಡಿದ್ದಾಗ ಅವರ ಜೊತೆ ಬಂದ ನೇಕಾರರು ಇಲ್ಲಿಯೇ ನೆಲೆಸಿದರು.'

ಈ ಹಾಳೆಯ ಮೇಲೆ ಕೆಂಪು ಮಸಿ ಹಾಕಬೇಡಿ. ಹಾಳೆ ಪಕ್ಕಕ್ಕಿಟ್ಟು ಅವಳನ್ನು ಕೂರಿಸಿಕೊಂಡು ಮಾತಾಡಿಸಿ. ಅಪ್ಪ ಎಷ್ಟು ಹೊತ್ತಿಗೆ ಮಗ್ಗದ ಕುಣಿಯಲ್ಲಿ ಕೂಡುತ್ತಾರೆ? ನೀನು ಯಾವ ಕೆಲಸ ಮಾಡುತ್ತೀ? ನಡುವೆ ಎಳೆ ಹರಿದರೆ ಏನು ಮಾಡುತ್ತಾರೆ? ಈ ಕೊನೆಯ ಪ್ರಶ್ನೆಗೆ ಅವಳು ಹೀಗೆ ಹೇಳಬಹುದು: 'ಎಳಿ ಹರದ್ರ ಅಪ್ಪ ಮಗ್ಗ ನಿಂದ್ರಸ್ತಾನ ಸಾರ್. ಲಾಳಿ ಪಕ್ಕಕ್ಕ ಇಟ್ಟು, ಹರದ ಎಳಿ ಹುಡುಕಿ ಗಂಟ ಹಾಕ್ತಾನ. ಗಂಟ ಕಾಣಬಾರದು. ಕಂಡ್ರ ಸೇಠ ರೊಕ್ಕ ಕಡಿಮಿ ಕೊಡ್ತಾನ.'

ಭಾಷಣ ಇದೇ. ಜಗದ್ವಿಖ್ಯಾತ, ಪ್ರತೀಕ ಇವೆಲ್ಲ ಅವಳ ಮಾತಲ್ಲ. ಕಾಣಬಾರದ ಆ ಗಂಟು ಅವಳದ್ದು. ತರಗತಿಯಲ್ಲಿ ಇನ್ನಾರಿಗೂ ಗೊತ್ತಿಲ್ಲದ್ದು, ಶಿಕ್ಷಕರಿಗೂ ಗೊತ್ತಿರಲಾರದ್ದು. ಮೂರು ನಿಮಿಷದಲ್ಲಿ ಹೇಳಬೇಕಾದ ಮುಖ್ಯ ಸಂಗತಿ ಒಂದೇ ಇರಲಿ, ಅದು ಈ ಗಂಟೇ ಆಗಲಿ. ಒಂದು ಹಾಸಿನಲ್ಲಿ ಎಂಟು ಸೀರೆ ನೇಯುವ ವಾಡಿಕೆ, ಚೌಕುಳಿ, ಅಂಚಿನ ಗುಡಿ ಚಿತ್ರ, ಈ ಸೀರೆಗೆ ಸಿಕ್ಕಿರುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇವೆಲ್ಲ ಅದರ ಸುತ್ತ ಬರಲಿ. ಶುರುವಿಗೆ 'ಮಾನ್ಯ ಗುರುಗಳೇ, ನನ್ನ ನೆಚ್ಚಿನ ಸಹಪಾಠಿಗಳೇ' ಎಂಬ ಉದ್ದ ಸಾಲು ಬೇಡ. ಅವಳು ನಮಸ್ಕಾರ ಹೇಳಿ, ಒಮ್ಮೆ ಎಲ್ಲರನ್ನೂ ನೋಡಿ, 'ಒಂದು ಎಳಿ ಹರದ್ರ ನಮ್ಮ ಮನ್ಯಾಗ ಎಲ್ಲಾರೂ ಸುಮ್ಮನಾಗ್ತೀವಿ' ಎಂದು ಶುರು ಮಾಡಿದರೆ ಹಿಂದಿನ ಬೆಂಚಿನವರೂ ಕಿವಿ ನಿಮಿರಿಸುತ್ತಾರೆ.

ಇನ್ನು ಶಿವಾಜಿಯ ಸಂಗತಿ. ದಂಡಿನ ಜೊತೆ ಬಂದ ನೇಕಾರರ ಕತೆ ಊರಲ್ಲಿ ಪ್ರಚಾರದಲ್ಲಿದೆ, 1630 ಎಂಬ ಇಸವಿಯೂ ಅದಕ್ಕೆ ಅಂಟಿಕೊಂಡಿದೆ. ಆದರೆ ಶಿವಾಜಿ ಹುಟ್ಟಿದ್ದೇ 1630ರ ಫೆಬ್ರುವರಿಯಲ್ಲಿ. ತೊಟ್ಟಿಲ ಕೂಸು ದಂಡು ಕಟ್ಟಿಕೊಂಡು ಬರಲು ಹೇಗೆ ಸಾಧ್ಯ? ಇದನ್ನು ಶಿಕ್ಷಕರು ತಾವೇ ಹೇಳಿಬಿಡಬಾರದು. ಸಮಾಜದ ಪುಸ್ತಕ ಕೈಗೆ ಕೊಟ್ಟು ಶಿವಾಜಿಯ ಜನನ ಹುಡುಕಿಸಬೇಕು. ಕಂಡುಹಿಡಿದಾಗ ಆ ಹುಡುಗಿಯ ಮುಖದ ಮೇಲೆ ಬರುವ ಕಳೆ ನೋಡಬೇಕು. ಅಲ್ಲಿಂದ ಮುಂದೆ ಮೊಬೈಲಿನಲ್ಲಿ ಕಂಡ ಯಾವ ಇಸವಿಯನ್ನೂ ಅವಳು ಸುಮ್ಮನೆ ನುಂಗುವುದಿಲ್ಲ. ಕತೆಯನ್ನು ಬಿಡಬೇಕಿಲ್ಲ. 'ಶಿವಾಜಿ ಮಹಾರಾಜರ ದಂಡಿನ ಜೊತಿ ಬಂದ ನೇಕಾರರು ಇಲ್ಲೇ ಉಳದ್ರು ಅಂತ ಊರಾಗ ಹೇಳ್ತಾರ' ಎಂದು ಹೇಳಿದರೆ ಸರಿಯಾಯಿತು.

ಆದ್ದರಿಂದ ಸಂಗತಿ ಕೂಡಿಸುವಾಗ ನೋಟ್‌ಬುಕ್ಕಿನಲ್ಲಿ ಮೂರು ಗುರುತು ಹಾಕಿಸಿ. ತಾನು ಕಂಡದ್ದರ ಪಕ್ಕ ಒಂದು ಕಣ್ಣು, ಅಜ್ಜನೋ ಅತ್ತೆಯೋ ಹೇಳಿದ್ದರ ಪಕ್ಕ ಒಂದು ಕಿವಿ, ಪುಸ್ತಕದಲ್ಲಿ ಓದಿದ್ದರ ಪಕ್ಕ ಒಂದು ಪುಸ್ತಕದ ಚಿತ್ರ. ಮಕ್ಕಳು ಇದನ್ನು ಆಟದಂತೆ ಮಾಡುತ್ತಾರೆ. ಮಾತಾಡುವಾಗಲೂ 'ನಾನು ನೋಡಿದ್ದು', 'ನಮ್ಮಜ್ಜ ಹೇಳಿದ್ದು', 'ಪಾಠದಲ್ಲಿರುವುದು' ಎಂದು ತಾವಾಗಿ ಬೇರೆ ಮಾಡಿ ಹೇಳತೊಡಗುತ್ತಾರೆ. ದೊಡ್ಡವರ ಸಭೆಗಳಲ್ಲೂ ಈ ಅಭ್ಯಾಸ ಅಪರೂಪ.

ಐದು ಪದದ ಚೀಟಿ

ಬರೆದ ಹಾಳೆ ಕೈಯಲ್ಲಿದ್ದರೆ ಮಗು ಓದುತ್ತದೆ. ಏನೂ ಇಲ್ಲದಿದ್ದರೆ ಉರು ಹೊಡೆಯುತ್ತದೆ. ಎರಡರ ನಡುವೆ ಒಂದು ದಾರಿ ಇದೆ, ಚೀಟಿ. ಹಳೆಯ ಲಗ್ನಪತ್ರಿಕೆಯ ಹಿಂಬದಿ ಇದಕ್ಕೆ ಬಹಳ ಒಳ್ಳೆಯದು. ಗಟ್ಟಿಯಾಗಿರುತ್ತದೆ, ಕೈ ನಡುಗಿದರೂ ಸಪ್ಪಳ ಮಾಡುವುದಿಲ್ಲ. ಅದರ ಮೇಲೆ ಐದೇ ಪದ, ದಪ್ಪಕ್ಷರದಲ್ಲಿ. ಮಗ್ಗದ ಹುಡುಗಿಯ ಚೀಟಿಯಲ್ಲಿ 'ಎಳಿ, ಕುಣಿ, ಎಂಟು ಸೀರಿ, ಗಂಟು, ಅಜ್ಜ' ಎಂದಿದ್ದರೆ ಸಾಕು. ಒಂದೊಂದು ಪದ ನೋಡಿದಾಗಲೂ ಆ ತುಂಡು ಸಂಗತಿ ತಾನಾಗಿ ಬಾಯಿಗೆ ಬರಬೇಕು. ಬಾರದಿದ್ದರೆ ಪದ ಸರಿಯಿಲ್ಲ, ಬೇರೆ ಪದ ಬರೆಯಿಸಿ.

ಬಾಯಿಪಾಠ ಮಾಡಬೇಕಾದ್ದು ಎರಡೇ ಸಾಲು, ಮೊದಲನೆಯದು ಮತ್ತು ಕೊನೆಯದು. ಮೊದಲ ಸಾಲು ಗಟ್ಟಿಯಾಗಿದ್ದರೆ ಎದ್ದು ನಿಂತ ಗಳಿಗೆಯ ಗಾಬರಿ ದಾಟಬಹುದು. ಕೊನೆಯ ಸಾಲು ಗಟ್ಟಿಯಾಗಿದ್ದರೆ 'ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ' ಎಂದು ಹೆದರಿ ಓಡುವ ಪ್ರಮೇಯ ಬರುವುದಿಲ್ಲ. ನಡುವಿನದನ್ನು ಪ್ರತಿ ಸಲವೂ ಬೇರೆ ಬೇರೆ ಮಾತಿನಲ್ಲಿ ಹೇಳಲಿ. ಹಾಗೆ ಹೇಳಬಲ್ಲ ಮಗುವಿಗೆ ಒಂದು ಪದ ಮರೆತರೆ ಇನ್ನೊಂದು ಸಿಗುತ್ತದೆ.

ಈ ಭಾಗದ ಹಾಡಿಕೆಯಿಂದಲೂ ಒಂದು ಉಪಾಯ ಕಲಿಯಬಹುದು. ಗದ್ವಾಲ ಕಡೆಯ ಉತ್ತನೂರಿನಲ್ಲಿ ನೆಲೆಸಿದ್ದ ಗೋಪಾಲದಾಸರಿರಲಿ, ರಾಯಚೂರು ಸೀಮೆಯ ಉಳಿದ ದಾಸರಿರಲಿ, ಅಲಾಯಿ ಪದ ಹಾಡುವವರಿರಲಿ, ಎಲ್ಲರ ಹಾಡಿನಲ್ಲೂ ಪಲ್ಲವಿ ಒಂದು ಮತ್ತೆ ಮತ್ತೆ ಬರುತ್ತದೆ. ಕೇಳುಗ ಎಲ್ಲಿ ದಾರಿ ತಪ್ಪಿದ್ದರೂ ಅಲ್ಲಿಗೆ ಬಂದು ಸೇರಿಕೊಳ್ಳುತ್ತಾನೆ. ಮಗುವೂ ತನ್ನ ಮುಖ್ಯ ಸಾಲನ್ನು ನಡುವೆ ಒಮ್ಮೆ, ಕೊನೆಗೊಮ್ಮೆ ಹೇಳಲಿ. 'ಗಂಟ ಕಾಣಬಾರದು' ಎಂಬ ಎರಡು ಪದ ಹೀಗೆ ಮತ್ತೆ ಮತ್ತೆ ಬಂದರೆ ಇಡೀ ತರಗತಿಗೆ ನೆನಪಿರುತ್ತದೆ.

ಹೇಳಿ ನೋಡುವುದು

ಅಭ್ಯಾಸ ಎಂದರೆ ಗೋಡೆಗೆ ಒಪ್ಪಿಸುವುದಲ್ಲ. ಕೇಳುವವರು ಬೇಕು, ಅವರ ಸಂಖ್ಯೆ ಮೆಲ್ಲಗೆ ಏರಬೇಕು. ಮೊದಲು ಪಕ್ಕದ ಗೆಳತಿಗೆ, ಆಮೇಲೆ ನಾಲ್ವರ ಗುಂಪಿಗೆ, ಆಮೇಲೆ ತರಗತಿಗೆ. ಬೆಳಗಿನ ಪ್ರಾರ್ಥನೆಯ ಸಾಲು ಇವೆಲ್ಲ ಆದ ಮೇಲೆ. ಎಷ್ಟೋ ಶಾಲೆಗಳಲ್ಲಿ ಮಗು ಮೊದಲ ಸಲ ಬಾಯಿ ತೆರೆಯುವುದೇ ಇಡೀ ಶಾಲೆಯ ಮುಂದೆ, ಪ್ರಾರ್ಥನೆಯ ಹೊತ್ತಿನಲ್ಲಿ. ಅಲ್ಲಿ ಒಮ್ಮೆ ನಗೆಪಾಟಲಾದ ಮಗು ಮತ್ತೆ ವರ್ಷಗಟ್ಟಲೆ ಎದ್ದು ನಿಲ್ಲುವುದಿಲ್ಲ.

ಮನೆಯಲ್ಲಿ ಅಜ್ಜಿಗೆ ಹೇಳಲಿ. ಅಕ್ಷರ ಬಾರದ ಅಜ್ಜಿಯಂಥ ಕೇಳುಗರು ಇನ್ನೊಬ್ಬರಿಲ್ಲ. ತಿಳಿಯದಿದ್ದರೆ 'ಏನಂದಿ, ಮತ್ತೊಮ್ಮಿ ಹೇಳು' ಎನ್ನುತ್ತಾಳೆ. ಹೇಳಿ ಮುಗಿದ ಮೇಲೆ ಅಜ್ಜಿ ತನಗೆ ತಿಳಿದದ್ದನ್ನು ತಿರುಗಿ ಹೇಳಲಿ. ಅವಳು ಬಿಟ್ಟ ಸಂಗತಿ ಯಾವುದೋ, ಅಲ್ಲಿ ಮಗುವಿನ ಹೇಳಿಕೆ ಸಡಿಲವಾಗಿದೆ. ಅಪ್ಪ ಅಮ್ಮ ದೂರದ ಊರಿನಲ್ಲಿದ್ದರೆ ಫೋನಿನಲ್ಲಿ ಹೇಳಲಿ. ಧ್ವನಿ ಮಾತ್ರ ಕೇಳುವವರಿಗೆ ತಿಳಿಯುವಂತೆ ಹೇಳಲು ಕಲಿತ ಮಗು ತರಗತಿಯಲ್ಲಿ ಗೆದ್ದೇ ಗೆಲ್ಲುತ್ತದೆ. ಬಂದ ನೆಂಟರ ಮುಂದೆ ನಿಲ್ಲಿಸಿ 'ಭಾಷಣ ಮಾಡಿ ತೋರಿಸು' ಎನ್ನಬೇಡಿ.

ದನಿಯ ಸಂಗತಿ. ಎಷ್ಟೋ ಶಾಲೆಗಳಲ್ಲಿ ಎರಡು ತರಗತಿ ಒಂದೇ ಕೋಣೆಯಲ್ಲಿ ನಡೆಯುತ್ತವೆ. ಹೊರಗೆ ಟ್ರಾಕ್ಟರ್, ಮೇಲೆ ಫ್ಯಾನು. 'ಜೋರಾಗಿ ಹೇಳು' ಎಂದರೆ ಮಗು ಕಿರುಚುತ್ತದೆ, ಗಂಟಲು ಬಿಗಿಯುತ್ತದೆ. ಅದರ ಬದಲು ಅಂಗಳದಲ್ಲಿ ಇಬ್ಬರನ್ನು ಎದುರು ಬದುರು ನಿಲ್ಲಿಸಿ. ಒಬ್ಬಳು ಒಂದು ಸಾಲು ಹೇಳಲಿ, ಇನ್ನೊಬ್ಬಳು ಅದನ್ನು ತಿರುಗಿ ಹೇಳಲಿ. ಸರಿಯಾದರೆ ಇಬ್ಬರೂ ಎರಡೆರಡು ಹೆಜ್ಜೆ ಹಿಂದಕ್ಕೆ. ದೂರ ಹೆಚ್ಚಿದಂತೆ ಮಕ್ಕಳು ತಾವಾಗಿ ನಿಧಾನಿಸುತ್ತಾರೆ, ಬಾಯಿ ತೆರೆದು ಉಚ್ಚರಿಸುತ್ತಾರೆ, ಸಾಲಿನ ನಡುವೆ ಉಸಿರು ತೆಗೆದುಕೊಳ್ಳುತ್ತಾರೆ. ವಾರದಲ್ಲಿ ಎರಡು ದಿನ, ಆಟದ ಪಿರಿಯಡ್‌ನ ಕೊನೆಯ ಹತ್ತು ನಿಮಿಷ ಸಾಕು.

ಚಾರ್ಟ್ ಬರೆದರೆ ಅದನ್ನು ಗೋಡೆಗೆ ಹಚ್ಚಿ, ಮಗುವನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ ನೋಡಿಸಿ. ಅಲ್ಲಿಗೆ ಕಾಣದ ಚಿತ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಂಗಡಿಯಿಂದ ಕೊಂಡ ಬಣ್ಣದ ಚಾರ್ಟಿಗಿಂತ ಕೈಯಲ್ಲಿ ಹಿಡಿದ ಲಾಳಿ ಮೇಲು. ಅದನ್ನೂ ಮೊದಲೇ ಎಲ್ಲರ ಕೈಗೆ ಕೊಡಬಾರದು. ಕೊಟ್ಟರೆ ಅದರತ್ತಲೇ ಎಲ್ಲರ ಗಮನ. ಮಾತು ಮುಗಿದ ಮೇಲೆ ಕೈಯಿಂದ ಕೈಗೆ ಹೋಗಲಿ.

ಹೆದರಿಕೆ

'ಹೆದರಬೇಡ' ಎಂದು ಹೇಳಿದರೆ ಯಾರ ಹೆದರಿಕೆಯೂ ಹೋದದ್ದಿಲ್ಲ. ಹೇಳಬೇಕಾದ ಮಾತು ಬೇರೆ ಇದೆ. ಅಮೆರಿಕದ ಮನೋವಿಜ್ಞಾನಿಗಳಾದ ಕೆನೆತ್ ಸವಿಟ್ಸ್ಕಿ, ಥಾಮಸ್ ಗಿಲೊವಿಚ್ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಾತಾಡುವವರು ತಮ್ಮ ಗಾಬರಿ ಎಲ್ಲರಿಗೂ ಕಾಣುತ್ತಿದೆ ಎಂದುಕೊಳ್ಳುತ್ತಾರೆ, ಕೇಳುವವರಿಗೆ ಅದು ಅಷ್ಟಾಗಿ ಕಾಣುವುದೇ ಇಲ್ಲ ಎಂಬುದು ಅವರು ಕಂಡದ್ದು. ಈ ಸಂಗತಿಯನ್ನು ಮೊದಲೇ ತಿಳಿಸಿದವರು ಇನ್ನೂ ಚೆನ್ನಾಗಿ ಮಾತಾಡಿದರು. ಆದ್ದರಿಂದ ಮಗುವಿಗೆ ನೇರವಾಗಿ ಹೇಳಿ: 'ನಿನ್ನ ಎದಿ ಡವಡವ ಅನ್ನೋದು ನಿನಗಷ್ಟ ಕೇಳ್ತದ, ನಮಗ ಕೇಳಂಗಿಲ್ಲ.' ಬೇಕಾದರೆ ತೋರಿಸಿಕೊಡಿ. ಒಬ್ಬ ಹುಡುಗ ಮಾತಾಡಿ ಕೂತ ಮೇಲೆ 'ಎಷ್ಟು ಹೆದರಿದ್ದೆ?' ಎಂದು ಅವನನ್ನೂ, 'ಇವನು ಎಷ್ಟು ಹೆದರಿದಂತೆ ಕಂಡ?' ಎಂದು ಉಳಿದವರನ್ನೂ ಕೇಳಿ, ಹೆಚ್ಚು ಹೆದರಿಕೆಗೆ ಹೆಚ್ಚು ಬೆರಳಿನಂತೆ ಎತ್ತಿಸಿ ನೋಡಿ. ಅವನು ತನಗೆ ಎತ್ತಿಕೊಂಡ ಬೆರಳಿಗಿಂತ ಗೆಳೆಯರು ಎತ್ತಿದ್ದು ಕಡಿಮೆ ಇದ್ದರೆ, ಅವನ ಕಣ್ಣಿಗೇ ಅದು ಕಾಣುತ್ತದೆ.

ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಉಪಯೋಗಕ್ಕೆ ಬರುತ್ತವೆ. ಭಾಷಣಕ್ಕೆ ಮೊದಲು 'ನಾನು ಶಾಂತವಾಗಿದ್ದೇನೆ' ಎಂದುಕೊಂಡವರಿಗಿಂತ 'ನನಗೆ ಹುರುಪು ಬಂದಿದೆ' ಎಂದುಕೊಂಡವರು ಚೆನ್ನಾಗಿ ಮಾತಾಡಿದರು. ಎದೆ ಬಡಿತ ಎರಡರಲ್ಲೂ ಒಂದೇ, ಅದನ್ನು ಕರೆಯುವ ಹೆಸರು ಬೇರೆ. ಖೋಖೋ ಆಟಕ್ಕೆ ಇಳಿಯುವ ಮುನ್ನ ಇದೇ ಎದೆ ಹೀಗೇ ಬಡಿಯುತ್ತದಲ್ಲವೇ ಎಂದು ಮಗುವನ್ನು ಕೇಳಿ.

ಎಲ್ಲ ಮಾಡಿದರೂ ತುಟಿ ಬಿಚ್ಚದ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಅದನ್ನು ಬಿಟ್ಟುಬಿಡುವುದೂ ತಪ್ಪು, ಎಳೆದು ನಿಲ್ಲಿಸುವುದೂ ತಪ್ಪು. ಮೊದಲ ಸರದಿಯಲ್ಲಿ ಗೆಳೆಯ ಮಾತಾಡುವಾಗ ಪಕ್ಕದಲ್ಲಿ ಲಾಳಿಯನ್ನೋ ತೊಗರಿ ಗಿಡವನ್ನೋ ಹಿಡಿದು ನಿಲ್ಲಲಿ. ಮುಂದಿನ ಸರದಿಯಲ್ಲಿ ಆ ವಸ್ತುವಿನ ಬಗ್ಗೆ ಒಂದು ಪ್ರಶ್ನೆಗೆ ಉತ್ತರಿಸಲಿ. ಅದರ ಮುಂದಿನದರಲ್ಲಿ ಇಬ್ಬರೂ ಹಂಚಿಕೊಂಡು ಹೇಳಲಿ. ಒಂಟಿಯಾಗಿ ನಿಲ್ಲುವ ದಿನ ಮಾರ್ಚಿಗೆ ಬಂದರೂ ತಡವಾಯಿತೆನ್ನಬೇಡಿ.

ತೊದಲುವ ಮಗುವಿನ ವಿಷಯ ಬೇರೆ. ಅದರ ಬಾಯಿಂದ ಸಾಲು ಕಸಿದು ನೀವು ಪೂರ್ತಿ ಮಾಡಬೇಡಿ, 'ನಿಧಾನ, ಉಸಿರು ತಗೋ' ಎಂದು ನಡುವೆ ಸೂಚನೆ ಕೊಡಬೇಡಿ. ಕಣ್ಣು ತಪ್ಪಿಸದೆ ಕಾಯಿರಿ. ಯಾವಾಗ, ಎಷ್ಟು ಜನರ ಮುಂದೆ ಮಾತಾಡಬೇಕೆಂದು ಆ ಮಗುವನ್ನೇ ಒಂಟಿಯಾಗಿ ಕೇಳಿ ಗೊತ್ತುಮಾಡಿ. ಸಮಯದ ಮಿತಿಯನ್ನು ಅದಕ್ಕೆ ಬಿಗಿ ಮಾಡಬೇಡಿ. ತೊಂದರೆ ಮುಂದುವರಿದರೆ ವಾಕ್ ಚಿಕಿತ್ಸಕರಿಗೆ ತೋರಿಸುವಂತೆ ಮನೆಯವರಿಗೆ ಹೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಮಾತಾಡಿ ನೋಡುವ ತಜ್ಞರು ಸಿಗುತ್ತಾರೆ.

ಕೇಳುವವರಿಗೂ ಕಲಿಸಬೇಕು

ಮಾತಾಡುವವರನ್ನು ತಯಾರು ಮಾಡಿ, ಕೇಳುವವರನ್ನು ಹಾಗೇ ಬಿಟ್ಟರೆ ಕೆಲಸ ಅರ್ಧವೇ. ವರ್ಷದ ಮೊದಲ ವಾರದಲ್ಲೇ ಮಕ್ಕಳ ಜೊತೆ ಕೂತು ಕರಾರು ಮಾಡಿಕೊಳ್ಳಿ: ಒಬ್ಬರು ನಿಂತಾಗ ಉಳಿದವರ ಕೈಯಲ್ಲಿ ಪೆನ್ನು ಇರಬಾರದು, ಉಚ್ಚಾರಕ್ಕೆ, ಊರ ಮಾತಿಗೆ, ಬಟ್ಟೆಗೆ ಯಾರೂ ನಗಬಾರದು, ಮುಗಿದ ಮೇಲೆ ಮೂವರು ಒಂದೊಂದು ಪ್ರಶ್ನೆ ಕೇಳಲೇಬೇಕು, ಯಾವ ಮೂವರೆಂದು ಚೀಟಿ ಎತ್ತಿ ತಿಳಿಯುವುದು. ತಾನೂ ಕೇಳಬೇಕಾಗಬಹುದೆಂದು ಗೊತ್ತಿದ್ದರೆ ಎಲ್ಲರೂ ಆಲಿಸುತ್ತಾರೆ.

ಪ್ರಶ್ನೆ ಬಂದಾಗ ಮಗು ತಡವರಿಸುತ್ತದೆ. ಆಗ ಶಿಕ್ಷಕರು ಬಾಯಿ ಹಾಕುವುದು ಸಹಜ, ಆದರೆ ಹಾಕಬಾರದು. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸುಮಾರು ಒಂದು ಸೆಕೆಂಡಷ್ಟೇ ಕಾಯುತ್ತಿದ್ದರು. ಮೂರು ಸೆಕೆಂಡು ಕಾಯಲು ಕಲಿತಾಗ ಮಕ್ಕಳ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ' ಎನ್ನುವುದು ಕಡಿಮೆಯಾಯಿತು. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸಿ. 'ನನಗೆ ಗೊತ್ತಿಲ್ಲ, ಅಪ್ಪನ್ನ ಕೇಳಿ ನಾಳೆ ಹೇಳ್ತೀನಿ' ಎಂಬ ಉತ್ತರವನ್ನು ಒಳ್ಳೆಯ ಉತ್ತರವೆಂದೇ ಲೆಕ್ಕ ಹಾಕಿ, ಮರುದಿನ ಅದನ್ನು ಕೇಳಿಸಿಕೊಳ್ಳಿ.

ಊರ ಮಾತಿನ ಬಗ್ಗೆ ಇನ್ನೊಂದಿಷ್ಟು ಹೇಳಲೇಬೇಕು. 'ಹೋಗ್ಯಾರ', 'ಮನ್ಯಾಗ', 'ಕುಂದರ್ತಾನ' ಎಂದ ಕೂಡಲೇ 'ಹೋಗಿದ್ದಾರೆ ಅನ್ನು' ಎಂದು ತಡೆಯುವ ಚಾಳಿ ನಮ್ಮ ಶಾಲೆಗಳಲ್ಲಿ ಬಲವಾಗಿದೆ. ಹೀಗೆ ತಡೆದರೆ ಮಗುವಿನ ಲಕ್ಷ್ಯವೆಲ್ಲ ಕ್ರಿಯಾಪದದ ಕೊನೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಹೇಳಬೇಕಾದದ್ದು ಹೋಗುತ್ತದೆ. ಪುಸ್ತಕದ ಕನ್ನಡವೂ ಬೇಕು, ಪರೀಕ್ಷೆಗೂ ಬೇಕು. ಅದನ್ನು ಬರಹದಲ್ಲಿ ಕಲಿಸಿ. ಅದೇ ಭಾಷಣವನ್ನು ಮರುವಾರ ಪ್ರಬಂಧವಾಗಿ ಬರೆಯುವಾಗ 'ಮನ್ಯಾಗ' ಎಂಬುದು 'ಮನೆಯಲ್ಲಿ' ಆಗಲಿ.

ತೆಲುಗಿಗೂ ಇಂಗ್ಲಿಷಿಗೂ ದಾಟುವುದು ಹೀಗೇ. ಹೊಸ ವಿಷಯ ಕೊಡಬೇಡಿ. ಮಗ್ಗದ ಹುಡುಗಿ ಹದಿನೈದು ದಿನದ ಮೇಲೆ ಅದೇ ಚೀಟಿಯನ್ನು ತೆಲುಗು ಪಿರಿಯಡ್‌ಗೆ ಒಯ್ಯಲಿ. ತೆಲುಗು ಮನೆಮಾತಿನ ಗೆಳತಿಯನ್ನು ಕೇಳಿ ಐದು ಪದಗಳನ್ನು ಬದಲಿಸಿಕೊಳ್ಳಲಿ. ಏನು ಹೇಳಬೇಕೆಂಬುದು ಗೊತ್ತಿರುವುದರಿಂದ ಹೇಗೆ ಹೇಳಬೇಕೆಂಬುದಕ್ಕೆ ಮಾತ್ರ ತಲೆ ಕೊಟ್ಟರಾಯಿತು. ಇಂಗ್ಲಿಷಿನಲ್ಲಿ ಐದೇ ವಾಕ್ಯವಾದರೂ ಅವಳದ್ದೇ ವಾಕ್ಯಗಳಾಗಿರಲಿ. ಲಾಳಿ ಅಲ್ಲಿಯೂ ಲಾಳಿಯಾಗಿಯೇ ಇರಲಿ, ಕೈಯಲ್ಲಿ ಹಿಡಿದ ವಸ್ತುವೇ ಅರ್ಥ ಹೇಳುತ್ತದೆ. ಅದೇ ತರಗತಿಯಲ್ಲಿ ದಖನಿ ಮನೆಮಾತಿನ ಹುಡುಗನಿದ್ದರೆ ಅವನ ಮೊದಲ ಮಾತು ಅವನ ಭಾಷೆಯಲ್ಲೇ ಆಗಲಿ, ಗೆಳೆಯರು ಕನ್ನಡಕ್ಕೆ ತಂದು ಹೇಳಲಿ.

ಅಂಕಗಳನ್ನು ಮಗು ನಿಂತಿರುವಾಗಲೇ ಎಲ್ಲರ ಮುಂದೆ ಹೇಳಬಾರದು. ಎಫ್‌ಎ (ರೂಪಣಾತ್ಮಕ) ಮೌಲ್ಯಮಾಪನದಲ್ಲಿ ಪ್ರಾಜೆಕ್ಟ್ ಕೆಲಸಕ್ಕೂ ಮಕ್ಕಳ ಪಾಲ್ಗೊಳ್ಳುವಿಕೆಗೂ ಹೇಗೂ ಜಾಗವಿದೆ. ಈ ಭಾಷಣವನ್ನು ಅಲ್ಲಿ ಸೇರಿಸಿಕೊಂಡರೆ ಶಿಕ್ಷಕರಿಗೆ ಬೇರೆ ಹೊರೆ ಆಗುವುದಿಲ್ಲ. ನೋಡಬೇಕಾದ್ದು ಕೆಲವೇ: ತನ್ನದೇ ಆದ ಸಂಗತಿ ಇತ್ತೇ, ಕಂಡದ್ದು ಕೇಳಿದ್ದು ಬೇರೆ ಮಾಡಿದಳೇ, ಕೊನೆಯ ಬೆಂಚಿಗೆ ಕೇಳಿಸಿತೇ, ಪ್ರಶ್ನೆಗೆ ನಿಂತಳೇ. ಒಂದು ಒಳ್ಳೆಯದು, ಮುಂದಿನ ಸಲಕ್ಕೆ ಒಂದು ಬದಲಾವಣೆ, ಇವೆರಡನ್ನು ಚೀಟಿಯ ಹಿಂದೆ ಬರೆದು ಕೊಡಿ. ಐದು ಬದಲಾವಣೆ ಬರೆದರೆ ಮಗು ಒಂದನ್ನೂ ಮಾಡುವುದಿಲ್ಲ.

ದಿನಕ್ಕೆ ಇಬ್ಬರಂತೆ, ಪ್ರಶ್ನೆಗಳೂ ಸೇರಿ ಹತ್ತು ಹನ್ನೆರಡು ನಿಮಿಷ ಇಟ್ಟುಕೊಂಡರೆ ನಲವತ್ತು ಮಕ್ಕಳ ತರಗತಿಯಲ್ಲೂ ಒಂದು ಸರದಿ ಒಂದು ತಿಂಗಳೊಳಗೆ ಮುಗಿಯುತ್ತದೆ. ಜೂನಿನಲ್ಲಿ ಶಾಲೆ ತೆರೆದ ಮೊದಲ ವಾರವೇ ಸರದಿಯ ಪಟ್ಟಿಯನ್ನು ಗೋಡೆಗೆ ಹಚ್ಚಿ. ಪಟ್ಟಿಯ ಮೊದಲ ಹೆಸರು ಶಿಕ್ಷಕರದ್ದೇ ಇರಲಿ. ನೀವೂ ಮನೆಯಿಂದ ಒಂದು ವಸ್ತು ತಂದು, ಐದು ಪದದ ಚೀಟಿ ಹಿಡಿದು, ಮೂರು ನಿಮಿಷ ಮಾತಾಡಿ, ಚೀಟಿ ಎತ್ತಿದ ಮೂವರು ಮಕ್ಕಳ ಪ್ರಶ್ನೆಗೆ ಉತ್ತರ ಕೊಡಿ.